ಕೇಕಿನ ಮೇಲೆ ಅಡಿಕೆ ಕೊನೆ

ತಾಲ್ಲೂಕಿನ ಮೂಲೆಗಳಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ‘ನೆರವಿಗೆ ಮೊರೆ’ ಸುದ್ದಿಯ ಅಚ್ಚು ಬಾಯಿಪಾಠ. ಮೊದಲ ಸಾಲಿನಲ್ಲಿ ಊರು, ಹೆಸರು. ಎರಡನೆಯದರಲ್ಲಿ ಕಾಯಿಲೆ ಇಲ್ಲವೇ ಅಪಘಾತ. ಮೂರನೆಯದರಲ್ಲಿ ‘ಕಡುಬಡತನ’ ಎಂಬ ಪದ ಎಲ್ಲಾದರೂ ನುಸುಳಬೇಕು. ಕೊನೆಗೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಮೊಬೈಲ್ ನಂಬರ್. ಜೊತೆಗೊಂದು ಫೋಟೊ. ಫೋಟೊ ಹೇಗಿರಬೇಕು ಎಂದು ಯಾವ ಡೆಸ್ಕಿನವರೂ ಬಿಡಿಸಿ ಹೇಳುವುದಿಲ್ಲ. ‘ಮಲಗಿರೋದು ಇದ್ಯಾ?’ ಎಂದಷ್ಟೇ ಕೇಳುತ್ತಾರೆ. ಡಿಪ್ಲೊಮಾ ತರಗತಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಆರು ಪ್ರಶ್ನೆ ಕಲಿಸಿದ್ದರು. ಈ ಏಳನೆಯದನ್ನು ಕಲಿಸಿದ್ದು ಕೆಲಸ.

2022ರ ಡಿಸೆಂಬರಿನಲ್ಲಿ ಇದೇ ಪ್ರಶ್ನೆ ಒಂದು ಕೇಕಿನ ವಿಷಯದಲ್ಲಿ ಎದುರಾಯಿತು.

ನಾವು ಅಂದರೆ ಇಬ್ಬರು, ಓರಗಿತ್ತಿಯರು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಹಿರಿಯವಳು ಪತ್ರಿಕೆಗೆ ಸುದ್ದಿ ಕಳಿಸುತ್ತಾಳೆ. ಕಿರಿಯವಳು ಆರ್ಡರ್ ಮೇಲೆ ಕೇಕ್ ಮಾಡಿಕೊಡುತ್ತಾಳೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಕೇಕಿನ ದುಡ್ಡೇ ಜಾಸ್ತಿ ಇರುತ್ತದೆ, ಅದು ಬೇರೆ ಮಾತು. ಇಲ್ಲಿ ಬರೆಯುತ್ತಿರುವುದು ಹಿರಿಯವಳ ಕೈ. ಆದರೆ ಆ ಮೂರು ದಿನದ ಕೆಲಸದಲ್ಲಿ ಯಾವುದು ಯಾರ ಪಾಲಿನದು ಎಂದು ಬಿಡಿಸಲು ಹೋದರೆ ಸುಳ್ಳು ಹೇಳಿದಂತಾಗುತ್ತದೆ. ಹಾಗಾಗಿ ‘ನಾವು’ ಎಂದೇ ಬರೆಯುತ್ತೇವೆ.

ಆ ವರ್ಷದ ಜುಲೈ ಕೊನೆಯ ವಾರ ನಮ್ಮೂರಿನ ಕೊನೆಗಾರರೊಬ್ಬರು ಅಡಿಕೆ ಮರದಿಂದ ಬಿದ್ದರು. ಮಲೆನಾಡಿನ ಹೊರಗಿನವರಿಗೆ ಇಷ್ಟು ಹೇಳಬೇಕು. ಕೊನೆಗಾರ ಎಂದರೆ ಬರೀ ಕೊಯ್ಲಿನ ಆಳಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಔಷಧಿ ಹೊಡೆಯಬೇಕಾದವನೂ ಅವನೇ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಕಲಸುತ್ತಾರೆ. ಮಳೆ ಹೊಳವಾದ ಹೊತ್ತು ನೋಡಿ, ಪಾಚಿ ಹಿಡಿದು ಜಾರುವ ಮರವನ್ನೇ ಹತ್ತಿ, ಮೇಲೆ ಕೂತು ಕೊನೆಗಳಿಗೆ ಹೊಡೆಯಬೇಕು. ಒಂದು ಮರ ಮುಗಿದರೆ ಕೆಳಗಿಳಿಯುವುದಿಲ್ಲ. ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾರೆ. ನೋಡುವವರಿಗೆ ಅದು ಸೋಜಿಗ. ಹೆಂಡತಿಯಾದವಳು ನೋಡಲು ತೋಟಕ್ಕೆ ಹೋಗುವುದೇ ಇಲ್ಲ. ಈಚೆಗೆ ಕೆಳಗೇ ನಿಂತು ಔಷಧಿ ಹೊಡೆಯಲು, ಕೊಯ್ಯಲು ಬರುವಂಥ ಫೈಬರ್ ದೋಟಿ ಬಂದಿದೆ. ಎಲ್ಲರ ಮನೆಗೂ ಬಂದಿಲ್ಲ.

ಅವರು ದಾಟುವಾಗಲೇ ಬಿದ್ದದ್ದು. ತೊಡೆಯ ಎಲುಬು ಮುರಿಯಿತು, ಬೆನ್ನಿಗೂ ಪೆಟ್ಟಾಯಿತು. ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

‘ಕಾರ್ಡ್ ಇತ್ತಲ್ಲ, ಮತ್ತೆ ದುಡ್ಡು ಯಾಕೆ ಬೇಕು?’ ಎಂದು ಆಮೇಲೆ ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಇವರ ಆಪರೇಷನ್ ಅದರಲ್ಲೇ ಆಯಿತು. ಆದರೆ ಕಾರ್ಡು ನೋಡಿಕೊಳ್ಳುವುದು ಆಸ್ಪತ್ರೆಯ ಒಳಗಿನ ಖರ್ಚನ್ನು. ರಾತ್ರೋರಾತ್ರಿ ಘಟ್ಟ ಇಳಿಸಿದ ಗಾಡಿಯ ಬಾಡಿಗೆ, ಜೊತೆಗಿದ್ದ ಇಬ್ಬರ ಮೂರು ವಾರದ ಊಟ, ವಾಕರ್, ಬೆನ್ನಿನ ಬೆಲ್ಟ್, ತಪಾಸಣೆಗೆಂದು ಪ್ರತಿ ಸಲ ಹೋಗಿಬರುವ ಖರ್ಚು, ಇವೆಲ್ಲ ಹೊರಗಿನವು. ಎಲ್ಲಕ್ಕಿಂತ ಹೊರಗಿನದು ಕೂಲಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ, ಅದೂ ಅವರಿಗಿತ್ತು. ಸತ್ತರೆ, ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಒಂದು ಕೈಯೋ ಕಾಲೋ ಶಾಶ್ವತವಾಗಿ ಹೋದರೆ 1 ಲಕ್ಷ. ಎಲುಬು ಮುರಿದು, ಕೂಡಿ, ಎಂಟು ತಿಂಗಳು ಮನೆಯಲ್ಲಿ ಕೂತರೆ ಏನೂ ಇಲ್ಲ. ‘ಪೂರ್ತಿ ಸಾಯ್ಲೂ ಇಲ್ಲ, ಪೂರ್ತಿ ಬದುಕ್ಲೂ ಇಲ್ಲ, ಯಾವ ಫಾರಮ್ಮಿಗೂ ಬರಾಂಗಿಲ್ಲ’ ಎಂದು ಅವರೇ ಒಮ್ಮೆ ನಗಾಡಿದ್ದರು. ಸಂಘದ ವಾರದ ಕಂತಿಗೆ ಮಾತ್ರ ಎಲುಬು ಮುರಿದದ್ದು ಗೊತ್ತಾಗುವುದಿಲ್ಲ. ಅದು ಸೋಮವಾರ ಬಂತೆಂದರೆ ಬಂತು.

ಅಕ್ಟೋಬರಿನಲ್ಲಿ ಕೊಯ್ಲು ಶುರುವಾಯಿತು. ಕೊನೆಗಾರನ ವರ್ಷದ ದುಡಿಮೆ ಬರುವುದೇ ಈ ನಾಲ್ಕು ತಿಂಗಳಲ್ಲಿ. ಎಲ್ಲರ ಮನೆಯ ಅಂಗಳದಲ್ಲೂ ಸುಲಿಯುವ ಗಲಾಟೆ, ಬೇಯಿಸುವ ಚೊಗರಿನ ವಾಸನೆ. ಇವರ ಮನೆಯಲ್ಲಿ ಅವರು ಜಗಲಿಯ ಮಂಚದ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು ‘ಇವತ್ತು ಯಾರ ತೋಟ?’ ಎಂದು ಕೇಳುತ್ತಿದ್ದರು.

ಊರಿನ ಹುಡುಗರು ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ಶಾಲೆಯ ಬಯಲಿನಲ್ಲಿ ಹೊನಲು ಬೆಳಕಿನ ವಾಲಿಬಾಲ್ ಮಾಡುತ್ತಾರೆ. ಈ ಸಲ ಉಳಿದ ದುಡ್ಡೆಲ್ಲ ಆ ಮನೆಗೆ ಎಂದು ನಿರ್ಧಾರವಾಯಿತು. ಜೊತೆಗೆ ಒಂದು ಸವಾಲು. ಹೊಸ ವರ್ಷವಲ್ಲವೇ, ಕೇಕನ್ನೇ ಸವಾಲಿಗೆ ಇಡೋಣ ಎಂದರು. ನಮ್ಮ ಕಡೆ ಸವಾಲು ಹೊಸದೇನಲ್ಲ. ಗಣಪತಿ ಹಬ್ಬದ ಫಲಾವಳಿಗೆ ಕಟ್ಟಿದ ಸೌತೆಕಾಯಿಯೊಂದು ಸಾವಿರ ದಾಟುವುದನ್ನು ನೋಡಿಯೇ ಎಲ್ಲರೂ ದೊಡ್ಡವರಾದದ್ದು. ಸಾವಿರ ಕೂಗಿದವನು ಸೌತೆಕಾಯಿ ಕೊಳ್ಳುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೂಗಿದ ದುಡ್ಡು ವಸೂಲಾಗಲು ಮುಂದಿನ ಚೌತಿ ಬರಬೇಕು ಎಂಬುದೂ ಗೊತ್ತು. ಅದಕ್ಕೇ ಈ ಸಲ ಮೊದಲೇ ಸಾರಿದರು: ಉದ್ರಿ ಇಲ್ಲ, ಕೂಗಿದವರು ಅಲ್ಲೇ ಕೊಡಬೇಕು.

ಕೇಕಿನ ಕೆಲಸ ನಮ್ಮ ಮನೆಗೆ ಬಂತು. ಐದು ಕೆ.ಜಿ., ಮೊಟ್ಟೆ ಇಲ್ಲದ್ದು. ಮೊಟ್ಟೆ ಹಾಕಿದರೆ ಅರ್ಧ ಊರು ಸವಾಲಿನಿಂದ ಹಿಂದೆ ಸರಿಯುತ್ತದೆ.

ಕಮಿಟಿಯ ಹುಡುಗನೊಬ್ಬ ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸಿದ. ಕೊನೆಗಾರರು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವುದು, ಕಾಲಿಗೆ ಕಬ್ಬಿಣದ ಸರಳು, ಮುಖ ಬತ್ತಿ ಹೋಗಿದೆ. ‘ಅಕ್ಕಾ, ಇದನ್ನ ಫೋಟೊ ಕೇಕ್ ಮಾಡಿ. ಶಿವಮೊಗ್ಗದಲ್ಲಿ ಪ್ರಿಂಟ್ ಹಾಕಿಸ್ಕೊಂಡು ಬರ್ತೀನಿ.’ ಫೋಟೊ ಕೇಕ್ ಈಗ ಎಲ್ಲರಿಗೂ ಗೊತ್ತು. ತಿನ್ನಬಹುದಾದ ತೆಳು ಹಾಳೆಯ ಮೇಲೆ ತಿನ್ನುವ ಬಣ್ಣದಲ್ಲೇ ಅಚ್ಚು ಹಾಕಿ ಕ್ರೀಮಿನ ಮೇಲೆ ಅಂಟಿಸುವುದು. ಮಕ್ಕಳ ಬರ್ತ್‌ಡೇಗೆ ಅರ್ಧದಷ್ಟು ಆರ್ಡರ್ ಅದೇ ಇರುತ್ತದೆ. ಕೈಕೆಲಸವೂ ಕಡಿಮೆ.

ಹುಡುಗ ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಕೂತವನು ಅವನೇ. ‘ಮುಖ ಕಂಡ್ರೆ ಜನ ಕೈ ಬಿಚ್ತಾರೆ ಅಕ್ಕಾ’ ಎಂದ. ಸುದ್ದಿಯ ಮನೆಯ ಲೆಕ್ಕವೂ ಅದೇ, ಮತ್ತು ಅದು ಸುಳ್ಳಲ್ಲ. ಸೆಪ್ಟೆಂಬರಿನಲ್ಲಿ ನಾವು ಕಳಿಸಿದ ಸುದ್ದಿಗೆ ಮಲಗಿರುವ ಫೋಟೊ ಇರಲಿಲ್ಲ. ಮನೆಯವರು ಬೇಡ ಎಂದಿದ್ದರಿಂದ ಮರ ಹತ್ತುವ ಹಗ್ಗದ ಫೋಟೊ ಕಳಿಸಿದ್ದೆವು. ಅದು ಮೂರನೇ ದಿನ, ಒಳಪುಟದಲ್ಲಿ, ಹಗ್ಗವೂ ಇಲ್ಲದೆ ಬಂತು. ಖಾತೆಗೆ ಬಂದದ್ದು 1,700 ರೂಪಾಯಿ.

ಆದರೂ ಕೇಳದೆ ಮಾಡುವಂತಿರಲಿಲ್ಲ. ಸಂಜೆ ಅವರ ಮನೆಗೆ ಹೋದೆವು. ಅವರು ಒಳಗೆ ಮಲಗಿದ್ದರು. ಹೆಂಡತಿ ಬೇರೆಯವರ ಮನೆಯ ಅಡಿಕೆ ಸುಲಿದು ಆಗಷ್ಟೇ ಬಂದಿದ್ದಳು, ಬೆರಳೆಲ್ಲ ಚೊಗರು ಹತ್ತಿ ಕಪ್ಪು. ಫೋಟೊ ತೋರಿಸಿದೆವು. ಬಹಳ ಹೊತ್ತು ನೋಡಿದಳು.

‘ಇದನ್ನ ಕೇಕಿನ ಮೇಲೆ ಹಾಕಿ ಆಮೇಲೆ ಎಂತ ಮಾಡ್ತಾರೆ?’

‘ಕೊಯ್ದು ಹಂಚ್ತಾರೆ.’

‘ಅವ್ರ ಮುಖದ ಮೇಲೆ ಚಾಕು ಹಾಕೋದು ಬ್ಯಾಡ ಅಕ್ಕಾ.’

ಸ್ವಲ್ಪ ಹೊತ್ತು ಬಿಟ್ಟು ಮತ್ತೂ ಒಂದು ಮಾತು ಹೇಳಿದಳು. ಹೆಸರೂ ಬೇಡ. ಊರಿಗೆಲ್ಲ ಗೊತ್ತು, ಗೊತ್ತಿಲ್ಲ ಎಂದಲ್ಲ. ಆದರೆ ಮಗ ಏಳನೇ ಕ್ಲಾಸು, ನಾಳೆ ಅದೇ ಬಯಲಿನಲ್ಲಿ ಆಡಬೇಕಾದವನು. ‘ಗೊತ್ತಿರೋದು ಬ್ಯಾರೆ, ಬರ್ದು ಇಡೋದು ಬ್ಯಾರೆ.’

ನಮ್ಮ ತರಗತಿಗಳಲ್ಲಿ ಖಾಸಗಿತನದ ಬಗ್ಗೆ ಪುಟಗಟ್ಟಲೆ ನೋಟ್ಸ್ ಬರೆಸಿದ್ದಾರೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಹುಡುಗ ಮುಖ ಸಣ್ಣ ಮಾಡಿದ, ಆದರೆ ಒಪ್ಪಿದ. ‘ಹಾಗಾದ್ರೆ ಕೇಕಿನ ಮೇಲೆ ಎಂತ ಹಾಕ್ತೀರಿ? ಬರೀ ಹ್ಯಾಪಿ ನ್ಯೂ ಇಯರ್ ಅಂತ ಬರೆದ್ರೆ ಪೇಟೆ ಬೇಕರಿಲಿ ಎರಡೂವರೆ ಸಾವಿರಕ್ಕೆ ಸಿಗ್ತದೆ’ ಎಂದ. ಅದೂ ಸರಿಯೇ. ಆ ದಿನ ಸಾಗರದ ಪೇಟೆಯಲ್ಲಿ ಬೇಕರಿಗಳ ಮುಂದೆ ಟೇಬಲ್ ಹಾಕಿ, ಬಣ್ಣದ ಬಟ್ಟೆ ಹಾಸಿ, ಕೇಕು ಸಾಲಾಗಿ ಇಟ್ಟಿರುತ್ತಾರೆ. ನಾವು ಚಿಕ್ಕವರಿದ್ದಾಗ ಕೇಕ್ ಎಂದರೆ ಅಯ್ಯಂಗಾರ್ ಬೇಕರಿಯ ಹನಿ ಕೇಕು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ, ಅಷ್ಟೇ. ಈಗ ಗುಲಾಬಿ ಹೂವಿಲ್ಲದ ಕೇಕನ್ನು ಮಕ್ಕಳೂ ಮೂಸಿ ನೋಡುವುದಿಲ್ಲ.

ವಾಲಿಬಾಲ್ ಬರೆಯೋಣವೇ? ಅಂಗೈ ಅಂಗೈ ಹಿಡಿದ ಚಿತ್ರವೇ? ಅದು ಸಹಕಾರಿ ಸಂಘದ ಬೋರ್ಡಿನಂತೆ ಕಾಣುತ್ತದೆ. ಅಡಿಕೆ ಮರ? ಅವರು ಬಿದ್ದದ್ದೇ ಅದರಿಂದ. ಒಳಗೆ ಅಡಿಕೆ ಆರಿಸುತ್ತಿದ್ದ ನಮ್ಮತ್ತೆ ಅಲ್ಲಿಂದಲೇ ಹೇಳಿದರು: ‘ಸವಾಲಿಗೆ ಅಂದ್ರೆ ಅಡಿಕೆ ಕೊನೇನೇ ಅಲ್ವನೇ? ಫಲಾವಳಿಲಿ ಮೊದಲು ಕೂಗೋದು ಎಂತುದನ್ನ?’

ಅಲ್ಲಿಗೆ ತೀರ್ಮಾನವಾಯಿತು. ಮರವೂ ಇಲ್ಲ, ಮನುಷ್ಯನೂ ಇಲ್ಲ. ಒಂದು ಕೊನೆ, ಎರಡು ಹೆಡೆ. ಅವರು ವರ್ಷವರ್ಷವೂ ಇಳಿಸುತ್ತಿದ್ದದ್ದು.

ಆದರೆ ಬಣ್ಣ ಯಾವುದು? ಅಂತರ್ಜಾಲದಲ್ಲಿ ಹುಡುಕಿದರೆ ಅಡಿಕೆ ಕೊನೆ ಎಂದರೆ ಕಿತ್ತಳೆ ಬಣ್ಣದ ಹಣ್ಣೇ ಬರುತ್ತದೆ. ನೋಡಲು ಚಂದ. ಕೇಕಿನ ಮೇಲೆ ಕಿತ್ತಳೆ ಎದ್ದು ಕಾಣುತ್ತದೆ. ಆದರೆ ನಮ್ಮ ಕಡೆ ರಾಶಿ ಅಡಿಕೆ ಮಾಡುವವರು ಕೊನೆಯನ್ನು ಹಸಿರಿರುವಾಗಲೇ ಕೊಯ್ಯುತ್ತಾರೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಅದು ಕೆಂಪಾಗುವುದು. ಹಣ್ಣಾಗುವವರೆಗೆ ಬಿಟ್ಟರೆ ಅದು ಗೋಟು, ದರವೂ ಕಡಿಮೆ. ಕಿತ್ತಳೆ ಕೊನೆ ಬರೆದರೆ ಸವಾಲಿಗೆ ನಿಂತ ಅಡಿಕೆ ಬೆಳೆಗಾರರು ‘ಯಾರ ತೋಟದ ಕೊನೆ ಇದು, ಹಣ್ಣಾಗೋವರೆಗೂ ಕೊಯ್ಯೋರು ಸಿಗ್ಲಿಲ್ವಾ’ ಎಂದು ತಮಾಷೆ ಮಾಡುವುದು ಖಂಡಿತ. ಆ ತಮಾಷೆ ಎಲ್ಲಿಗೆ ತಾಗುತ್ತದೆ ಎಂಬುದು ನಮಗೆ ಗೊತ್ತಿತ್ತು. ಹಸಿರೇ ಆಗಬೇಕು. ಅದೂ ಬೇಕರಿಯ ಗಿಳಿಹಸಿರಲ್ಲ, ಬಲಿತ ಕಾಯಿಯ ಹಸಿರು, ಒಂದೆರಡರಲ್ಲಿ ಹಳದಿ ತಿರುಗುತ್ತಿರುವಂಥದ್ದು.

ಡಿಸೆಂಬರ್ 29ರ ರಾತ್ರಿ ಬೇಯಿಸಿದೆವು. ನಮ್ಮ ಓವನ್ನಿನಲ್ಲಿ ಒಂಬತ್ತು ಇಂಚಿನ ಚೌಕದ ಒಂದೇ ಡಬ್ಬ ಹಿಡಿಯುವುದು. ನಾಲ್ಕು ಸಲ ಇಡಬೇಕಾಯಿತು. ಮೂರನೆಯದು ಒಳಗಿರುವಾಗ ಕರೆಂಟ್ ಹೋಗಿ ನಡು ಕುಸಿಯಿತು. ಅದನ್ನು ಮಕ್ಕಳಿಗೆ ಕೊಟ್ಟು ಮತ್ತೊಂದು ಕಲಸಿದೆವು. ಮರುದಿನ ಜೋಡಿಸಿದ್ದು. ಎರಡು ಚೌಕ ಕೆಳಗೆ ಒಂದಕ್ಕೊಂದು ತಾಗಿಸಿ, ಸಕ್ಕರೆ ನೀರು ಚಿಮುಕಿಸಿ, ಕ್ರೀಮು ಬಳಿದು, ಮೇಲಿನ ಒಂದು ಚೌಕವನ್ನು ಎರಡು ಭಾಗ ಮಾಡಿ ಆ ಕಡೆ ಒಂದು, ಈ ಕಡೆ ಒಂದು, ನಡುವೆ ಇಡೀ ಚೌಕ. ಗಾರೆಯವರು ಕಲ್ಲು ಕಟ್ಟುವಾಗ ಸಂದಿನ ಮೇಲೆ ಸಂದು ಬರದಂತೆ ನೋಡಿಕೊಳ್ಳುತ್ತಾರಲ್ಲ, ಹಾಗೆ. ಇಲ್ಲದಿದ್ದರೆ ಎತ್ತುವಾಗ ನಡುವೆ ಬಿರಿಯುತ್ತದೆ. ಮೇಲೆ ತೆಳುವಾಗಿ ಒಂದು ಸಲ ಕ್ರೀಮು ಬಳಿದು, ಪುಡಿಯೆಲ್ಲ ಅದಕ್ಕೆ ಹಿಡಿದುಕೊಂಡ ಮೇಲೆ ಎರಡನೇ ಸಲ ಬಳಿಯುವುದು.

ಆ ಕ್ರೀಮು ಪೇಟೆಯಿಂದ ಗಟ್ಟಿ ಹೆಪ್ಪುಗಟ್ಟಿಯೇ ಬರುತ್ತದೆ. ಫ್ರಿಜ್ಜಿನಲ್ಲಿಟ್ಟು ನಿಧಾನ ಕರಗಿಸಿ, ತಣ್ಣಗಿರುವಾಗಲೇ ಬೀಸಬೇಕು. ಬೆಚ್ಚಗಾದರೆ ಎಷ್ಟು ಬೀಸಿದರೂ ಮಜ್ಜಿಗೆಯೇ. ಡಿಸೆಂಬರಿನ ಚಳಿ ನಮ್ಮ ಕಡೆಗಿತ್ತು.

ಹಸಿರು ಕೂಡಿಸುವುದಕ್ಕೆ ಹೊತ್ತು ಹಿಡಿಯಿತು. ಅಂಗಳದಿಂದ ಒಂದು ನಿಜವಾದ ಕೊನೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡೆವು. ಹಸಿರಿಗೆ ಚೂರು ಹಳದಿ, ಕಡ್ಡಿಯ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು ಕಂದು. ನೀರು ಬಣ್ಣ ಹಾಕಿದರೆ ಕ್ರೀಮು ಸಡಿಲವಾಗುತ್ತದೆ, ಜೆಲ್ ಬಣ್ಣವೇ ಬೇಕು. ಅದು ರಾತ್ರಿ ಕಳೆದರೆ ಇನ್ನೂ ಗಾಢವಾಗುತ್ತದೆ. ಅದಕ್ಕಾಗಿ ಬೇಕಾದ್ದಕ್ಕಿಂತ ತಿಳಿಯಾಗಿಯೇ ನಿಲ್ಲಿಸಿದೆವು. ಮೊದಲು ಕಂದು ಕ್ರೀಮಿನಲ್ಲಿ ಕವಲು ಕವಲಾಗಿ ಗೊನೆಯ ಕಡ್ಡಿ. ಆಮೇಲೆ ಗುಂಡು ಬಾಯಿಯ ನಾಜಲ್‌ನಲ್ಲಿ ಒಂದೊಂದೇ ಕಾಯಿ. ಒತ್ತು, ನಿಲ್ಲಿಸು, ಎತ್ತು. ಎತ್ತುವಾಗ ತುದಿ ಚೂಪಾಗುತ್ತದೆ, ಅಡಿಕೆಗೂ ಹಾಗೆಯೇ ಇರುವುದರಿಂದ ಸರಿಹೋಯಿತು. ಪ್ರತಿ ಕಾಯಿಯ ಬುಡಕ್ಕೆ ತಿಳಿ ಹಸಿರಿನ ಪುಟ್ಟ ತೊಟ್ಟು. ಒಬ್ಬಳು ಕಾಯಿ ಇಟ್ಟರೆ ಇನ್ನೊಬ್ಬಳು ತೊಟ್ಟು. 214 ಕಾಯಿ. ಎಣಿಸಿದ್ದು ಮಗಳು. ಕೈ ಬೆಚ್ಚಗಾಗಿ ಕ್ರೀಮು ಇಳಿಯಲು ಶುರುವಾದಾಗೆಲ್ಲ ತಣ್ಣೀರಿನಲ್ಲಿ ಕೈ ಅದ್ದಿಕೊಂಡು ಬರಬೇಕಿತ್ತು.

ಹೆಡೆಗೆ 352ರ ಎಲೆ ನಾಜಲ್. ಅದು ಮುಗಿಯುವ ಹೊತ್ತಿಗೆ ಮೂಲೆಯಲ್ಲಿದ್ದ ಕೋಕೋ ಡಬ್ಬಿಗೆ ಯಾರದೋ ಮೊಣಕೈ ತಾಗಿ, ಎಡಗಡೆಯ ಹೆಡೆಯ ಮೇಲೆ ಪುಡಿ ಸಿಡಿಯಿತು. ಸಣ್ಣ ಸಣ್ಣ ಕಂದು ಚುಕ್ಕಿ. ಮಗಳು ಬಗ್ಗಿ ನೋಡಿ ಹೇಳಿದಳು: ‘ಅಮ್ಮಾ, ಎಲೆಚುಕ್ಕಿ ರೋಗ!’

ಆ ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲೆಚುಕ್ಕಿಯ ಸುದ್ದಿ ಬಿಟ್ಟರೆ ಬೇರೆ ಸುದ್ದಿಯೇ ಇರಲಿಲ್ಲ. ನಗು ತಡೆಯಲಾಗಲಿಲ್ಲ. ಚಾಕುವಿನ ತುದಿಯಿಂದ ಒಂದೊಂದೇ ಚುಕ್ಕಿ ಕೆರೆದು, ಮೇಲೆ ಮತ್ತೆ ಹಸಿರು ಎಳೆದೆವು. ಎರಡು ಉಳಿದವು. ಅವನ್ನು ಬಿಟ್ಟೆವು. ಚುಕ್ಕಿಯಿಲ್ಲದ ತೋಟ ಆ ವರ್ಷ ಯಾರದಿತ್ತು?

ಕೆಳಗೆ ಬರೆದದ್ದು ಒಂದೇ ಸಾಲು: ‘ಹೊಸ ವರ್ಷಕ್ಕೆ ಊರಿನ ಕೊನೆ’.

ಕೇಕು ಮುಗಿಯಿತು, ಆದರೆ ಹಲಗೆ ನಮ್ಮ ಫ್ರಿಜ್ಜಿನೊಳಗೆ ಹೋಗಲಿಲ್ಲ. ಬಸ್ ಸ್ಟಾಪಿನ ಅಂಗಡಿಯವರು ತಂಪು ಪಾನೀಯದ ಫ್ರಿಜ್ಜಿನ ಎರಡು ಅಂತಸ್ತು ಖಾಲಿ ಮಾಡಿಕೊಟ್ಟರು. 31ನೇ ತಾರೀಖು, ಶನಿವಾರ, ಜ್ಯೂಸು ಸೋಡಾ ಅತಿ ಹೆಚ್ಚು ಹೋಗುವ ದಿನ. ಬೆಚ್ಚಗಿನ ಬಾಟಲಿ ಮಾರಿಕೊಂಡು ದಿನವಿಡೀ ಬೈಸಿಕೊಂಡರು. ಸಂಜೆ ಓಮ್ನಿಯ ಹಿಂದಿನ ಸೀಟು ತೆಗೆದು, ನೆಲಕ್ಕೆ ಒದ್ದೆ ಗೋಣಿ ಹಾಸಿ, ನಾವಿಬ್ಬರೂ ಆಚೀಚೆ ಕೂತು ಹಲಗೆ ಹಿಡಿದುಕೊಂಡೆವು. ಒಂದೂವರೆ ಕಿಲೋಮೀಟರ್ ದಾರಿಗೆ ಇಪ್ಪತ್ತು ನಿಮಿಷ. ಆ ರಸ್ತೆಯ ಮೇಲೆ ನಾವು ಕಳಿಸಿದ ಸುದ್ದಿಗಳನ್ನು ಹಾಸಿದ್ದರೂ ಗುಂಡಿ ಮುಚ್ಚುತ್ತಿತ್ತು.

ಸೆಮಿಫೈನಲ್ ಮುಗಿದ ಮೇಲೆ, ಹತ್ತೂಮುಕ್ಕಾಲಿಗೆ, ಸವಾಲು. ಕೇಕನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ಸರಿ ಮಾಡಿಕೊಂಡು, ‘ರಾಶಿಗೆ ಸರಿಯಾಗಿ ಬಂದ ಕೊನೆ’ ಎಂದರು. ನಮಗೆ ಅಷ್ಟು ಸಾಕಿತ್ತು.

ಮೈಕಿನವನು ಹೆಸರು ಹೇಳಲಿಲ್ಲ. ‘ಯಾರಿಗೆ ಅಂತ ನಿಮಗೆ ಗೊತ್ತು’ ಎಂದಷ್ಟೇ ಹೇಳಿ 500ರಿಂದ ಶುರು ಮಾಡಿದ. ಐನೂರು, ಎಂಟುನೂರು, ಸಾವಿರದ ಒಂದು. ಎರಡು ಸಾವಿರದವರೆಗೆ ಸಲೀಸು. ಆಮೇಲೆ ಇಬ್ಬರೇ ಉಳಿದರು, ಒಬ್ಬರು ಅಡಿಕೆ ವ್ಯಾಪಾರಿ, ಇನ್ನೊಬ್ಬರು ಅವರಿಗೆ ಹೆಣ್ಣು ಕೊಟ್ಟ ಮಾವ. ಜನಕ್ಕೆ ಅದೇ ತಮಾಷೆ. 6,200ಕ್ಕೆ ವ್ಯಾಪಾರಿಗೆ ನಿಂತಿತು. ಅವರು ದುಡ್ಡು ಎಣಿಸಿಕೊಟ್ಟು, ‘ಮತ್ತೆ ಕೂಗಿ’ ಎಂದರು. ಫಲಾವಳಿಯಲ್ಲೂ ಹೀಗೆ ಮಾಡುತ್ತಾರೆ. ಎರಡನೇ ಸಲ ಸೋತ ತಂಡವೊಂದು ಸೇರಿ 4,050ಕ್ಕೆ ಹಿಡಿಯಿತು. ಫೋನ್‌ಪೇ ಮಾಡಲು ನೆಟ್‌ವರ್ಕ್ ಇಲ್ಲದೆ ಅವರಲ್ಲೊಬ್ಬ ಧ್ವಜಸ್ತಂಭದ ಕಟ್ಟೆ ಹತ್ತಿ ನಿಂತಿದ್ದ. ಅವರೂ ಮತ್ತೆ ಬಿಟ್ಟುಕೊಟ್ಟರು.

ಮೂರನೇ ಸಲ ಕೂಗು ಏಳಲಿಲ್ಲ. ಸಾವಿರದ ಐನೂರಿಗೆ ನಿಂತಿತ್ತು. ಹಿಂದೆ, ಬೆಳಕು ಸರಿಯಾಗಿ ಬೀಳದ ಕಡೆ, ಕಂಪೌಂಡಿನ ಮೇಲೆ ಕೂತಿದ್ದವರೊಬ್ಬರು ‘ಐದು ಸಾವಿರದ ನೂರಾ ಹತ್ತು’ ಎಂದರು. ಎಲ್ಲರೂ ತಿರುಗಿದರು. ನಮ್ಮೂರು, ಪಕ್ಕದೂರಿನ ಕೊನೆಗಾರರು, ಒಂಬತ್ತು ಜನ. ಅದೇನು ನೂರಾ ಹತ್ತು ಎಂದು ಆಮೇಲೆ ಕೇಳಿದೆವು. ಜೇಬಿನಲ್ಲಿದ್ದದ್ದನ್ನೆಲ್ಲ ಕೂಡಿಸಿದಾಗ ಅಷ್ಟಾಗಿತ್ತಂತೆ. ಅವರ ಮೇಲೆ ಯಾರೂ ಕೂಗಲಿಲ್ಲ. ಕೂಗಬಹುದಿತ್ತು, ಆ ಬಯಲಿನಲ್ಲಿ ಹತ್ತು ಸಾವಿರ ಕೊಡಬಲ್ಲವರು ಇದ್ದರು. ಕೂಗದೇ ಇದ್ದದ್ದಕ್ಕಾಗಿ ನಾವು ನಮ್ಮೂರಿನ ಎಷ್ಟೋ ತಪ್ಪುಗಳನ್ನು ಮನ್ನಿಸಿದೆವು.

ಅವರು ಮತ್ತೆ ಸವಾಲಿಗೆ ಬಿಡಲಿಲ್ಲ. ಮೇಜಿನ ಹತ್ತಿರ ಬಂದು, ಅವರಲ್ಲಿ ಹಿರಿಯವರು ಚಾಕು ತೆಗೆದುಕೊಂಡರು. ನಾವು ತುದಿಯಿಂದ ಚೌಕ ಚೌಕ ಕೊಯ್ಯಲು ಗೆರೆ ತೋರಿಸಿದೆವು. ‘ಕೊನೆ ತೆಗ್ಯೋದು ನಮಗೆ ಹೇಳಿಕೊಡ್ತೀರಾ ಅಮ್ಮಾ?’ ಎಂದು, ಗೊನೆಯ ಬುಡಕ್ಕೆ, ಮರದ ಮೇಲೆ ಹಾಕುವ ಹಾಗೆಯೇ ಓರೆಯಾಗಿ ಒಂದು ಏಟು ಹಾಕಿದರು. ಕೆಳಗಿದ್ದವನೊಬ್ಬ ಹಗ್ಗ ಹಿಡಿದವನಂತೆ ಎರಡೂ ಕೈ ಚಾಚಿದ. ಬಯಲೆಲ್ಲ ನಕ್ಕಿತು. ಕೊನೆಗಾರರ ಮಗನೂ ನಕ್ಕ. ಅವನು ಸ್ಕೋರ್ ಬೋರ್ಡಿನ ಹತ್ತಿರ ನಿಂತಿದ್ದ, ಎಲ್ಲ ಹುಡುಗರ ಹಾಗೆ.

ಲೆಕ್ಕ ಹೀಗೆ. ಸವಾಲಿನಿಂದ 15,360. ತಂಡಗಳ ಪ್ರವೇಶ ಶುಲ್ಕ, ಚಹಾ-ಮಿರ್ಚಿಯ ಅಂಗಡಿ, ಡಬ್ಬಿಗೆ ಬಿದ್ದದ್ದು, ಗೆದ್ದ ತಂಡ ಬಿಟ್ಟುಕೊಟ್ಟ ಅರ್ಧ ಬಹುಮಾನ, ಎಲ್ಲ ಸೇರಿ ಖರ್ಚು ಕಳೆದು 41,870 ರೂಪಾಯಿ. ಎರಡನೇ ತಾರೀಖು ಶಾಲೆಯ ಗೋಡೆಗೆ ಲೆಕ್ಕದ ಹಾಳೆ ಅಂಟಿಸಿದರು. ಪೆಂಡಾಲಿನವರು ಬಿಟ್ಟ 800 ರೂಪಾಯಿ, ಲೈಟಿನವರು ಬಿಟ್ಟ 500, ಎರಡಕ್ಕೂ ಅದರಲ್ಲಿ ಧನ್ಯವಾದ ಇತ್ತು. ಕೇಕಿನ ಸಾಮಾನಿಗೆ ಆದ 2,340 ನಮ್ಮ ಮನೆಯ ಪುಸ್ತಕದಲ್ಲಿದೆ, ಮೂರು ರಾತ್ರಿಯ ಕೆಲಸ ಅದರಲ್ಲೂ ಇಲ್ಲ. ದೂರಲು ಹೇಳುತ್ತಿಲ್ಲ. ಆದರೆ ಸಹಾಯಾರ್ಥ ಕಾರ್ಯಕ್ರಮದ ಸುದ್ದಿ ಬರೆಯುವ ಗೆಳೆಯರು ಮುಂದಿನ ಸಲ ಅಡುಗೆಮನೆಯ ಕಡೆಗೂ ಒಮ್ಮೆ ಹಣಕಿ ಬನ್ನಿ. ಮೈಕಿನಲ್ಲಿ ಬಾರದ ದೇಣಿಗೆ ಅಲ್ಲಿ ಬಹಳ ಇರುತ್ತದೆ.

41,870 ದೊಡ್ಡ ಮೊತ್ತವಲ್ಲ. ಆ ಮನೆಯ ಐದು ತಿಂಗಳ ಸಾಲಕ್ಕೆ ಅದು ಅರ್ಧವೂ ಸಾಲಲಿಲ್ಲ. ಗಾಡಿಯ ಬಾಡಿಗೆ ತೀರಿತು, ಸಂಘದ ಕಂತು ಸರಿಹೋಯಿತು. ಉಳಿದದ್ದನ್ನು ಹೆಂಡತಿ ಹಾಗೇ ಇಟ್ಟುಕೊಂಡಳು. ಫೈಬರ್ ದೋಟಿಗೆ ಕೂಡಿಸುತ್ತಿದ್ದಾಳೆ ಎಂದು ಆಮೇಲೆ ಗೊತ್ತಾಯಿತು. ಅವರು ಮರ ಹತ್ತುವುದು ಇನ್ನು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಆಗಿನ್ನೂ ಅವರಿಗೆ ಹೇಳಿರಲಿಲ್ಲ.

ಸುದ್ದಿಯೂ ಬಂತು. ‘ಹೊಸ ವರ್ಷಕ್ಕೆ ಅಡಿಕೆ ಕೊನೆ ಕೇಕ್’ ಎಂದು, ಕೇಕಿನ ಫೋಟೊ ಸಹಿತ, ಮೂರು ಕಾಲಂ. ಮಲಗಿದವರ ಫೋಟೊ ಇಲ್ಲದೆ. ಹೆಸರಿಲ್ಲದ ಸುದ್ದಿಯನ್ನು ಹಾಕಲು ಬರುತ್ತದೆಯೇ ಎಂದು ಡೆಸ್ಕಿನಲ್ಲಿ ಒಮ್ಮೆ ಕೇಳಿದರು, ‘ಬರ್ತದೆ ಸರ್’ ಎಂದೆವು, ಅಷ್ಟೇ. ಆಮೇಲೆ ಮೂರು ವಾರದಲ್ಲಿ ಅಡಿಕೆ ಕೊನೆಯ ಕೇಕಿಗೆ ನಾಲ್ಕು ಆರ್ಡರ್ ಬಂದವು, ಅದರಲ್ಲೊಂದು ಸೊಸೈಟಿಯ ಅಧ್ಯಕ್ಷರ ಅರವತ್ತನೇ ವರ್ಷಕ್ಕೆ. ಕಾಯಿಯ ಲೆಕ್ಕದಲ್ಲಿ ದರ ಹೇಳಬೇಕೆಂದು ಓರಗಿತ್ತಿ ತೀರ್ಮಾನಿಸಿದ್ದಾಳೆ.

ಜನವರಿ ಒಂದರ ಬೆಳಿಗ್ಗೆ ಎತ್ತಿಟ್ಟಿದ್ದ ಒಂದು ತುಂಡು ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆವು. ಜಗಲಿಯಲ್ಲೇ ಕೂತಿದ್ದರು. ಇಡೀ ಕೇಕಿನ ಫೋಟೊ ಮೊಬೈಲಿನಲ್ಲಿ ತೋರಿಸಿದೆವು. ತುಂಡನ್ನು ಪಕ್ಕಕ್ಕಿಟ್ಟು, ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಬುಡದಿಂದ ತುದಿಯವರೆಗೆ ಸರಿಸುತ್ತಾ ನೋಡಿದರು.

‘ಬಣ್ಣ ಅಡ್ಡಿಲ್ಲ. ಆದ್ರೆ ಈ ಕೆಳಗಿನ ಕವಲು ಇನ್ನೂ ಎಳೇದು. ಎಂಟು ದಿನ ಬಿಟ್ಟು ಕೊಯ್ಬೇಕಿತ್ತು.’